ಹಳೆಯ ಸೈಕಲ್, ಹೊಸ ನಗರ

ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ನಲವತ್ತು ವರ್ಷಗಳಿಂದ ಸೈಕಲ್ ತುಳಿಯುತ್ತಲೇ ಬಂದಿರುವ ರೈತರೊಬ್ಬರು ನಮ್ಮ ಧರ್ಮಕೇಂದ್ರದವರು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಶಾಲೆಗೆ ಹೊರಟ ಮಕ್ಕಳು ಎಲ್ಲವೂ ಅವರ ಸೈಕಲ್ಲಿನ ಮೇಲೆಯೇ ಸಾಗಿದವು. ಅವರ ಕಿರಿಯ ಮಗನಿಗೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ದೊರೆಯಿತು. ವಾಸಕ್ಕೆ ದಾಸರಹಳ್ಳಿಯಲ್ಲಿ ಒಂದು ಕೋಣೆ ಗೊತ್ತಾಯಿತು. ಸೋಮವಾರದಿಂದ ಮೊದಲ ಪಾಳಿ; ಬೆಳಿಗ್ಗೆ 6 ಗಂಟೆಗೆ ಸರಿಯಾಗಿ ಬಾಗಿಲಿನಲ್ಲಿರಬೇಕು. ಆರಂಭದ ತಿಂಗಳುಗಳಲ್ಲಿ ತಡವಾಗಿ ಬರುವ ಹುಡುಗರನ್ನು ಉಳಿಸಿಕೊಳ್ಳುವುದಿಲ್ಲವೆಂದು ಮೇಲ್ವಿಚಾರಕರು ಮೊದಲೇ ತಿಳಿಸಿದ್ದರು. ಕಾರ್ಖಾನೆಯಿರುವುದು ಬಸ್ಸಿನ ಹಾದಿಯಿಂದ ಬಹಳ ಒಳಗೆ. ಆದ್ದರಿಂದ ಹುಡುಗನಿಗೆ ಒಂದು ಸೈಕಲ್ ಬೇಕಾಯಿತು.

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಪರಿಚಯದ ಕುಟುಂಬವೊಂದಿತ್ತು. ಆ ಮನೆಯ ಮಗ ವಿದೇಶಕ್ಕೆ ಹೋದ ಮೇಲೆ ಅವನ ಸೈಕಲ್ಲು ಎರಡು ವರ್ಷಗಳಿಂದ ಮೆಟ್ಟಿಲಿನ ಕೆಳಗೆ ನಿಂತಿತ್ತು. ಕಡಿಮೆ ಬೆಲೆಗೆ ಕೊಟ್ಟರು. ಆದರೆ ಜಯನಗರವಿರುವುದು ನಗರದ ದಕ್ಷಿಣದಲ್ಲಿ. ದಾಸರಹಳ್ಳಿಯಿರುವುದು ವಾಯವ್ಯದ ಅಂಚಿನಲ್ಲಿ. ನಡುವೆ 15 ಕಿಲೋಮೀಟರಿಗೂ ಹೆಚ್ಚಿನ ಬೆಂಗಳೂರು. ಲಗೇಜ್ ಆಟೊದವನು ಕೇಳಿದ ಬಾಡಿಗೆ ಸೈಕಲ್ಲಿನ ಬೆಲೆಯ ಮೂರರಲ್ಲಿ ಒಂದು ಪಾಲಾಗುತ್ತಿತ್ತು.

“ಆ ದುಡ್ಡಿಗೆ ಹೊಲಕ್ಕೆ ಗೊಬ್ಬರ ಬರುತ್ತದೆ. ನಾನೇ ತುಳಿದುಕೊಂಡು ಬರುತ್ತೇನೆ” ಎಂದರು ತಂದೆ.

“ಅಪ್ಪಾ, ಇದು ನಮ್ಮೂರಲ್ಲ” ಎಂದ ಮಗ.

“ಸೈಕಲ್ ತುಳಿಯಲು ಯಾವ ಊರಾದರೇನು?”

ಶನಿವಾರ ಸಂಜೆ ಅವರು ಹೊರಟರು. ಸೌತ್ ಎಂಡ್ ವೃತ್ತ, ಲಾಲ್‌ಬಾಗಿನ ಪಶ್ಚಿಮ ದ್ವಾರ, ಮಿನರ್ವ ವೃತ್ತಗಳನ್ನು ದಾಟುವಷ್ಟರಲ್ಲಿ ತುಂತುರು ಮಳೆ ಶುರುವಾಯಿತು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಸಮೀಪ ಮುಂದಿದ್ದ ಬಸ್ಸು ಥಟ್ಟನೆ ನಿಂತಿತು. ಇವರು ಬ್ರೇಕ್ ಹಿಡಿದರೂ ಚಕ್ರ ನಿಲ್ಲಲಿಲ್ಲ. ಕಾಲುಗಳನ್ನು ನೆಲಕ್ಕೂರಿ, ಬಸ್ಸಿನ ಹಿಂಭಾಗಕ್ಕೆ ಭುಜ ತಾಗಿಸಿಕೊಂಡು, ರಸ್ತೆಯ ಎಡಕ್ಕೆ ಉರುಳಿದರು. ಮೊಣಕಾಲು ತರಚಿತು, ಹೆಚ್ಚಿನ ಅಪಾಯವೇನೂ ಆಗಲಿಲ್ಲ. ಹಿಂದೆ ಬರುತ್ತಿದ್ದ ವಾಹನ ಇನ್ನೊಂದು ಮಾರು ಮುಂದೆ ಬಂದಿದ್ದರೆ ಈ ಬರಹದ ಸ್ವರೂಪವೇ ಬೇರೆಯಾಗಿರುತ್ತಿತ್ತು.

ಮರುವಾರ ಊರಿಗೆ ಬಂದಾಗ ಅವರು ನನ್ನೆದುರು ಕುಳಿತು ಹೇಳಿದ ಮಾತು ಇದು: “ಸ್ವಾಮಿ, ಸೈಕಲ್ಲೂ ಗೊತ್ತಿರಲಿಲ್ಲ, ಊರೂ ಗೊತ್ತಿರಲಿಲ್ಲ. ಎರಡರಲ್ಲಿ ಒಂದಾದರೂ ಗೊತ್ತಿರಬೇಕಿತ್ತು.”

ನಮ್ಮ ಹಳ್ಳಿಗಳಿಂದ ವರ್ಷವರ್ಷವೂ ಎಷ್ಟೋ ಮಕ್ಕಳು ದುಡಿಮೆಗಾಗಿ, ಓದಿಗಾಗಿ ಮಹಾನಗರಕ್ಕೆ ತೆರಳುತ್ತಿದ್ದಾರೆ. ಅವರ ಪೈಕಿ ಅನೇಕರು ಕೊಳ್ಳುವ ಮೊದಲ ವಾಹನ ಹಳೆಯ ಸೈಕಲ್ಲೇ. ಆದಕಾರಣ ಈ ಹಿರಿಯರ ಒಂದು ವಾಕ್ಯವನ್ನು ಹಿಡಿದು, ಕುಟುಂಬಗಳಿಗೆ ಉಪಯೋಗವಾಗಬಹುದಾದ ಕೆಲವು ವಿಷಯಗಳನ್ನು ಇಲ್ಲಿ ಹಂಚಿಕೊಳ್ಳಬಯಸುತ್ತೇನೆ.

ತಿಳಿದುದರಿಂದ ತಿಳಿಯದುದರೆಡೆಗೆ

ಮನುಷ್ಯನ ಅರಿವು ತನಗೆ ತಿಳಿದಿರುವುದರಿಂದ ಹೊರಟು ತಿಳಿಯದಿರುವುದರ ಕಡೆಗೆ ಸಾಗುತ್ತದೆಂದು ಅರಿಸ್ಟಾಟಲನು ಬೋಧಿಸಿದನು. ತತ್ತ್ವಶಾಸ್ತ್ರದ ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡುವುದು ಸುಲಭ. ಮಾರುಕಟ್ಟೆಯ ಚೌಕದಲ್ಲಿ ಇದನ್ನು ಮರೆಯುವುದು ಇನ್ನೂ ಸುಲಭ. ತಿಳಿದಿರುವ ಸೈಕಲ್ಲಿನ ಮೇಲೆ ತಿಳಿಯದ ರಸ್ತೆಯಲ್ಲಿ ಹೋಗಬಹುದು. ಏಕೆಂದರೆ ಕೈಕಾಲುಗಳು ತಮ್ಮ ಕೆಲಸವನ್ನು ತಾವೇ ಮಾಡುತ್ತವೆ, ಕಣ್ಣು ಪೂರ್ತಿಯಾಗಿ ರಸ್ತೆಗೆ ಮೀಸಲಾಗಿರುತ್ತದೆ. ತಿಳಿದಿರುವ ರಸ್ತೆಯಲ್ಲಿ ತಿಳಿಯದ ಸೈಕಲ್ಲನ್ನೂ ಪರೀಕ್ಷಿಸಬಹುದು. ಏಕೆಂದರೆ ಎಲ್ಲಿ ಹಳ್ಳವಿದೆ, ಎಲ್ಲಿ ತಿರುವಿದೆ ಎಂಬುದು ಮನಸ್ಸಿನಲ್ಲಿರುತ್ತದೆ. ಎರಡು ಅಪರಿಚಯಗಳು ಒಂದೇ ಗಳಿಗೆಯಲ್ಲಿ ಎದುರಾದಾಗ ಮಾತ್ರ ನಲವತ್ತು ವರ್ಷಗಳ ಅನುಭವವೂ ಕೈಕೊಡುತ್ತದೆ.

ನಮ್ಮ ರೈತರ ಊರಿನ ಸೈಕಲ್ಲು ರಾಡ್ ಬ್ರೇಕಿನದು. ಎತ್ತರದ ಸೀಟು, ನೆಟ್ಟಗಿನ ಹ್ಯಾಂಡಲ್. ಜಯನಗರದಲ್ಲಿ ಸಿಕ್ಕಿದ್ದು ಕೇಬಲ್ ಬ್ರೇಕಿನದು. ಸೀಟು ತಗ್ಗು, ಹ್ಯಾಂಡಲ್ ಮುಂದಕ್ಕೆ ಬಾಗಿದ್ದು. ಎರಡು ವರ್ಷ ನಿಂತಲ್ಲೇ ನಿಂತಿದ್ದರಿಂದ ಅದರ ಬ್ರೇಕಿನ ರಬ್ಬರು ಕಲ್ಲಿನಂತಾಗಿತ್ತು. ಹೊಳೆಯುವ ಉಕ್ಕಿನ ರಿಮ್ ಒದ್ದೆಯಾದಾಗ ಒಳ್ಳೆಯ ಬ್ರೇಕು ಕೂಡ ತನ್ನ ಹಿಡಿತದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಹೀಗಿರುವಾಗ ಕಲ್ಲಾದ ರಬ್ಬರಿನ ಪಾಡನ್ನು ಹೇಳುವುದೇ ಬೇಡ.

ಕೊಳ್ಳುವ ಮನೆಯ ಅಂಗಳದಲ್ಲೇ

ಆದ್ದರಿಂದ ಮೊದಲ ಪರಿಚಯ ಸೈಕಲ್ಲಿನದಾಗಲಿ. ಅದು ಕೊಂಡ ಮನೆಯ ಬಾಗಿಲಲ್ಲೇ ಆಗಲಿ. ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು ಹ್ಯಾಂಡಲನ್ನು ತಿರುಗಿಸಿ ನೋಡಬೇಕು. ಚಕ್ರ ಅಲುಗದೆ ಹ್ಯಾಂಡಲ್ ಮಾತ್ರ ತಿರುಗಿದರೆ ನಡುವಿನ ಬೋಲ್ಟು ಸಡಿಲವಾಗಿದೆಯೆಂದರ್ಥ. ಪೆಡಲ್ ಕಾಲನ್ನು ಒಳಕ್ಕೂ ಹೊರಕ್ಕೂ ಅಲುಗಿಸಿದಾಗ ಕಟಕಟ ಎಂದರೆ ಅಚ್ಚಿನ ಕಡೆ ಗಮನ ಕೊಡಬೇಕು. ಟೈರಿನ ಪಕ್ಕಗಳಲ್ಲಿ ಸಣ್ಣ ಬಿರುಕುಗಳಿವೆಯೇ, ಚಕ್ರಗಳ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಬೇಕು. ನಮ್ಮ ಸಾಧಾರಣ ಸೈಕಲ್ಲುಗಳ ಗಾಳಿ ತುಂಬುವ ಮೂತಿಯೊಳಗೆ ಒಂದು ಸಣ್ಣ ರಬ್ಬರ್ ಕೊಳವೆಯಿರುತ್ತದೆ. ವಾಲ್ ಟ್ಯೂಬ್ ಎನ್ನುತ್ತೇವೆ. ಬಹುಕಾಲ ನಿಂತ ಸೈಕಲ್ಲಿನಲ್ಲಿ ಅದು ಒಣಗಿ ಸೀಳಿರುತ್ತದೆ. ಹೊರಡುವಾಗ ತುಂಬಿಸಿದ ಗಾಳಿ ಅರ್ಧ ದಾರಿಯಲ್ಲಿ ಇಳಿದುಹೋಗುವುದಕ್ಕೆ ಎಷ್ಟೋ ಬಾರಿ ಇದೇ ಕಾರಣ, ಪಂಕ್ಚರ್ ಅಲ್ಲ. ಕೆಲವೇ ರೂಪಾಯಿಗಳ ವಸ್ತು. ಬದಲಾಯಿಸಿಯೇ ಹೊರಡುವುದು ಕ್ಷೇಮ.

ಅನಂತರ ವಾಹನಗಳಿಲ್ಲದ ಅಡ್ಡರಸ್ತೆಯಲ್ಲಿ ಹತ್ತು ನಿಮಿಷ ತುಳಿದು ನೋಡಬೇಕು. ಯಾವ ಕೈಯ ಬ್ರೇಕು ಯಾವ ಚಕ್ರದ್ದು, ಎಷ್ಟು ಹಿಡಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಕೈಗೆ ತಿಳಿಯಬೇಕು. ಕುಳಿತಂತೆಯೇ ಕಾಲ್ಬೆರಳು ನೆಲಕ್ಕೆ ತಾಗುವಷ್ಟಕ್ಕೆ ಸೀಟನ್ನು ಹೊಂದಿಸಿಕೊಳ್ಳುವುದು ಒಳಿತು. ಸಂದಣಿಯಲ್ಲಿ ಗಳಿಗೆಗೊಮ್ಮೆ ಕಾಲೂರಬೇಕಾಗುತ್ತದೆ.

ಒಂದು ಚೀಟಿಯ ಬೆಲೆ

ಸೈಕಲ್ಲಿಗೆ ಮೋಟಾರು ವಾಹನಗಳಂತೆ ನೋಂದಣಿ ಪುಸ್ತಕವಿಲ್ಲ. ಹಿಂದೆ ಪುರಸಭೆಗಳು ತೆರಿಗೆ ವಿಧಿಸಿ ಲೋಹದ ಬಿಲ್ಲೆಯೊಂದನ್ನು ಕೊಡುತ್ತಿದ್ದುದು ಹಿರಿಯರ ನೆನಪಿನಲ್ಲಿರಬಹುದು. ಇಂದು ಅದೂ ಇಲ್ಲ. ಸೈಕಲ್ಲಿನ ಗುರುತೆಂದರೆ ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯೊಂದೇ. ಪೆಡಲಿನ ಅಚ್ಚು ಹಾದುಹೋಗುವ ಗೂಡಿನ ತಳಭಾಗದಲ್ಲಿ, ಇಲ್ಲವೇ ಸೀಟಿನ ಕೆಳಗಿನ ಕೊಳವೆಯ ಮೇಲೆ ಅದನ್ನು ಹುಡುಕಬೇಕು. 1948ರಲ್ಲಿ ವಿಟ್ಟೋರಿಯೊ ಡೆ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’ ಚಲನಚಿತ್ರವನ್ನು ಕೆಲವರಾದರೂ ನೋಡಿರಬಹುದು. ರೋಮ್ ನಗರದ ಬಡ ಕೂಲಿಯೊಬ್ಬನು, ಕೆಲಸಕ್ಕೆ ಅತ್ಯಗತ್ಯವಾದ ತನ್ನ ಸೈಕಲ್ಲನ್ನು ಮೊದಲ ದಿನವೇ ಕಳೆದುಕೊಂಡು, ಸಂತೆಯಲ್ಲಿ ಬಣ್ಣ ಬಳಿಯುತ್ತಿದ್ದ ಚೌಕಟ್ಟೊಂದನ್ನು ಅನುಮಾನಿಸಿ, ಪೊಲೀಸನನ್ನು ಕರೆತಂದು ನೋಡಿಸುವುದು ಆ ಸಂಖ್ಯೆಯನ್ನೇ. ಬಣ್ಣ ಬದಲಾಗಬಹುದು, ಚಕ್ರ ಬದಲಾಗಬಹುದು. ಸಂಖ್ಯೆ ಸುಲಭವಾಗಿ ಬದಲಾಗದು.

ಆದುದರಿಂದ ಮಾರುವವರಿಂದ ಒಂದು ಚೀಟಿ ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ, ಶಿಸ್ತು. ಅದರಲ್ಲಿ ಇಬ್ಬರ ಹೆಸರು ಮತ್ತು ವಿಳಾಸ, ಚೌಕಟ್ಟಿನ ಸಂಖ್ಯೆ, ಬಣ್ಣ, ಬೆಲೆ, ದಿನಾಂಕ, ಸಹಿ ಇರಲಿ. ಅಪರಿಚಿತ ನಗರದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ಹಳೆಯ ಸೈಕಲ್ಲನ್ನು ತಳ್ಳಿಕೊಂಡು ಹೋಗುವ ಹಳ್ಳಿಯ ಹುಡುಗನನ್ನು ಯಾರಾದರೂ ಪ್ರಶ್ನಿಸಿದರೆ ಅವನ ಪರವಾಗಿ ಮಾತನಾಡುವುದು ಆ ಚೀಟಿಯೊಂದೇ. ಬೀದಿಬದಿಯಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕುವ ಸೈಕಲ್ಲಿನಿಂದ ದೂರವಿರುವುದು ಮೇಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ, ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅದನ್ನು ಅಪ್ರಾಮಾಣಿಕವಾಗಿ ಪಡೆದುಕೊಂಡವನಿಗೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಸೈಕಲ್ಲಿಲ್ಲದೆ ದಾರಿ ನೋಡುವುದು

ಎರಡನೆಯ ಪರಿಚಯ ನಗರದ್ದು. ಇದನ್ನು ಸೈಕಲ್ಲಿಲ್ಲದೆ ಮಾಡಿಕೊಳ್ಳಬೇಕು. 2017ರ ಜೂನ್ ತಿಂಗಳಿನಲ್ಲಿ ನಗರದ ಉತ್ತರ ದಕ್ಷಿಣಗಳನ್ನು ಬೆಸೆದ ಮೆಟ್ರೊ ರೈಲಿನ ಹಸಿರು ಮಾರ್ಗವು ಜಯನಗರದಿಂದ ದಾಸರಹಳ್ಳಿಗೆ ನೇರವಾಗಿ ಕರೆದೊಯ್ಯುತ್ತದೆ. ಅದರ ಬಹುಭಾಗ ಕಂಬಗಳ ಮೇಲಿದೆ. ಕಿಟಕಿಯ ಬಳಿ ನಿಂತು ನೋಡಿದರೆ ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯಗಳ ಹೆದ್ದಾರಿಯೂ ಮೇಲ್ಸೇತುವೆಯೂ ಕಣ್ಣಿಗೆ ಬೀಳುತ್ತವೆ. ಲಾರಿಗಳ ದಟ್ಟಣೆ ಎಲ್ಲಿ ಹೆಚ್ಚೆಂಬುದು ತಿಳಿಯುತ್ತದೆ. ಮಡಚಬಹುದಾದ ಸೈಕಲ್ಲಿಗೆ ಬೆಂಗಳೂರಿನ ಮೆಟ್ರೊದಲ್ಲಿ 2020ರ ನವೆಂಬರಿನಲ್ಲಿ ಅನುಮತಿ ದೊರೆಯಿತು. ನಮ್ಮ ಸಾಧಾರಣ ಸೈಕಲ್ಲಿಗೆ ಆ ಸೌಲಭ್ಯವಿಲ್ಲ. ಅದನ್ನು ನಿಲ್ದಾಣದವರೆಗೆ ಹೊತ್ತೊಯ್ದು ನಿರಾಶರಾಗುವುದು ಬೇಡ.

ಬೆಂಗಳೂರಿನ ವಿಳಾಸಗಳ ವಿಷಯದಲ್ಲಿ ಹೊಸಬರು ಎಚ್ಚರದಿಂದಿರಬೇಕು. ನಾಲ್ಕನೆಯ ಬ್ಲಾಕ್ ಜಯನಗರದಲ್ಲೂ ಇದೆ, ರಾಜಾಜಿನಗರದಲ್ಲೂ ಇದೆ, ಕೋರಮಂಗಲದಲ್ಲೂ ಇದೆ. ಐದನೆಯ ಕ್ರಾಸ್ ಎಂಬುದಂತೂ ಬಡಾವಣೆಗೊಂದು. ಬಡಾವಣೆಯ ಹೆಸರನ್ನೂ ಹತ್ತಿರದ ದೊಡ್ಡ ಗುರುತನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡರೆ, ಮೊಬೈಲಿನ ಬ್ಯಾಟರಿ ಮುಗಿದರೂ ದಾರಿ ಮುಗಿಯದು. ಮೊಬೈಲಿನ ನಕ್ಷೆ ಕಾರಿಗೆಂದು ತೋರಿಸುವ ಹಾದಿ ಮೇಲ್ಸೇತುವೆಗಳ ಮೇಲೂ ಕೆಳಸೇತುವೆಗಳ ಒಳಗೂ ಹಾಯುತ್ತದೆ. ಸೈಕಲ್ಲಿನವನಿಗೆ ಅದು ತಕ್ಕ ಹಾದಿಯಲ್ಲ. ಸೇತುವೆಯ ಪಕ್ಕದ ಸರ್ವಿಸ್ ರಸ್ತೆಯೇ ನಮಗೆ ಯೋಗ್ಯ.

ಕೇಳುವುದರಲ್ಲೂ ಒಂದು ಕ್ರಮವಿದೆ. “ಯಶವಂತಪುರಕ್ಕೆ ಇದೇ ದಾರಿಯೇ?” ಎಂದು ಕೇಳಿದರೆ ನಮ್ಮ ಜನ ಸೌಜನ್ಯದಿಂದ “ಹೌದು” ಎಂದುಬಿಡುತ್ತಾರೆ. “ಸೈಕಲ್ಲಿನಲ್ಲಿ ಯಶವಂತಪುರಕ್ಕೆ ಹೇಗೆ ಹೋಗಬೇಕು?” ಎಂದು ಕೇಳಿದರೆ ಅವರು ಯೋಚಿಸಿ ಹೇಳಬೇಕಾಗುತ್ತದೆ. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಎಂಟು ಅಂಗಗಳನ್ನು ಎಣಿಸುವಾಗ, ಬಲ್ಲವರಿಂದ ಕಲಿಯುವ ಮನಸ್ಸನ್ನೂ ಒಂದು ಅಂಗವಾಗಿ ಸೇರಿಸಿದ್ದಾರೆ. ಕೇಳುವುದು ಹಳ್ಳಿಗನ ಅವಮಾನವಲ್ಲ, ವಿವೇಕಿಯ ಲಕ್ಷಣ.

ತಳ್ಳುವುದು, ತುಳಿಯುವುದು

ಕಿರಿದಾದ ಗಲ್ಲಿ, ಗದ್ದಲದ ವೃತ್ತ, ಬಸ್ ನಿಲ್ದಾಣದ ಮುಂಭಾಗ ಇವುಗಳಲ್ಲಿ ಇಳಿದು ತಳ್ಳುವುದೇ ಉತ್ತಮ. ಸೈಕಲ್ಲಿನ ಎಡಕ್ಕೆ ನಿಂತು ತಳ್ಳಬೇಕು. ಚೈನು ಬಲಕ್ಕಿರುವುದರಿಂದ ಪಂಚೆಗೆ ಮಸಿ ತಾಗದು. ರಸ್ತೆಯ ಎಡ ಅಂಚಿನಲ್ಲಿ ನಡೆಯುವಾಗ ವಾಹನಗಳಿಗೂ ನಮಗೂ ನಡುವೆ ಸೈಕಲ್ಲೇ ಇರುತ್ತದೆ. ದೊಡ್ಡ ಕೂಡುರಸ್ತೆಯಲ್ಲಿ ಬಲಕ್ಕೆ ತಿರುಗಬೇಕಾದರೆ ನಡುರಸ್ತೆಗೆ ನುಗ್ಗದೆ, ಇಳಿದು, ಪಾದಚಾರಿಗಳ ಪಟ್ಟೆಯಲ್ಲಿ ಎರಡು ಸಲ ದಾಟಬೇಕು. ಎರಡು ನಿಮಿಷ ಹೆಚ್ಚಾಗಬಹುದು, ಅಷ್ಟೆ.

ತುಳಿಯಲೇಬೇಕಾದಲ್ಲಿ ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರವಿರಬೇಕು. ಅವು ಯಾವ ಗಳಿಗೆಯಲ್ಲಾದರೂ ತೆರೆಯಬಹುದು. ಬಸ್ಸು ಅಥವಾ ಲಾರಿಯ ಎಡಪಕ್ಕದ ಸಂದಿಯಲ್ಲಿ ಎಂದೂ ನುಸುಳಬಾರದು. ಅದು ಎಡಕ್ಕೆ ತಿರುಗುವಾಗ ಚಾಲಕನಿಗೆ ಅಲ್ಲಿರುವ ಸೈಕಲ್ಲು ಕಾಣುವುದಿಲ್ಲ. ಚರಂಡಿಯ ಕಂಬಿ ಮುಚ್ಚಳಗಳ ಸೀಳಿನೊಳಗೆ ತೆಳ್ಳಗಿನ ಟೈರು ಸಿಕ್ಕಿಕೊಳ್ಳಬಹುದು. ರಾತ್ರಿಯಾಗುವ ಮೊದಲೇ ಪಯಣ ಮುಗಿಯಬೇಕು. ಭಾನುವಾರದ ಬೆಳಗು ಸಾಮಾನ್ಯವಾಗಿ ಒಳ್ಳೆಯ ಹೊತ್ತು. ಆದರೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತ ಈ ನಿಯಮ ತಲೆಕೆಳಗಾಗುತ್ತದೆ. ಊರೆಲ್ಲ ನಿದ್ರಿಸುವಾಗಲೇ ಅಲ್ಲಿ ಹೂವಿನ, ತರಕಾರಿಯ ವಾಹನಗಳು ಕಿಕ್ಕಿರಿದಿರುತ್ತವೆ.

ಹೇರುವುದು

ದೂರ ಹೆಚ್ಚಾಗಿದ್ದರೆ ಬಾಡಿಗೆ ತೆರುವುದು ಸೋಲಲ್ಲ. ಹೇರುವ ಮೊದಲು ಹ್ಯಾಂಡಲಿನ ಬೋಲ್ಟು ಸಡಿಲಿಸಿ ಅದನ್ನು ಚೌಕಟ್ಟಿಗೆ ಸಮನಾಗಿ ತಿರುಗಿಸಿದರೆ ಜಾಗ ಉಳಿಯುತ್ತದೆ. ಪೆಡಲ್ ಬಿಚ್ಚುವುದಾದರೆ ಎಡಪೆಡಲಿನ ತಿರುಪು ವಿರುದ್ಧ ದಿಕ್ಕಿನದೆಂಬುದು ನೆನಪಿರಲಿ. ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ. ಸೈಕಲ್ಲನ್ನು ನಿಲ್ಲಿಸಿಯೇ ಕಟ್ಟುವುದು ಲೇಸು. ಮಲಗಿಸಲೇಬೇಕಾದರೆ ಚೈನಿನ ಮಗ್ಗುಲು ಮೇಲಿರಲಿ. ಹಗ್ಗವನ್ನು ಚೌಕಟ್ಟಿಗೆ ಎರಡು ಕಡೆ ಬಿಗಿಯಬೇಕು, ಚಕ್ರದ ಕಡ್ಡಿಗಳಿಗಾಗಲಿ ಬ್ರೇಕಿನ ಕೇಬಲ್ಲಿಗಾಗಲಿ ಅಲ್ಲ. ಮುಂದಿನ ಚಕ್ರ ಅತ್ತಿತ್ತ ಹೊರಳದಂತೆ ಬೇರೆಯಾಗಿ ಕಟ್ಟಬೇಕು. ಬಿಗಿದ ಕಡೆಯಲ್ಲೆಲ್ಲ ಹಳೆಯ ಬಟ್ಟೆಯಿಟ್ಟರೆ ಬಣ್ಣ ಉಳಿಯುತ್ತದೆ. ವಾಹನದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು. ಸೈಕಲ್ಲನ್ನು ಹಿಡಿದುಕೊಂಡು ಸರಕಿನ ಜಾಗದಲ್ಲಿ ಮನುಷ್ಯರು ಕೂರುವುದಂತೂ ಸರ್ವಥಾ ಬೇಡ.

ನಗರದಲ್ಲಿ ಕೊಂಡು ರೈಲಿನಲ್ಲಿ ಊರಿಗೆ ತರುವವರಿಗೂ ಒಂದು ಮಾತು: ಪ್ರಯಾಣಿಕರಿಗಿರುವ ಉಚಿತ ಸಾಮಾನಿನ ರಿಯಾಯಿತಿ ಸೈಕಲ್ಲಿಗೆ ಸಲ್ಲದು. ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಿ, ರಸೀದಿ ಪಡೆದು, ಬ್ರೇಕ್ ವ್ಯಾನಿನಲ್ಲಿ ಕಳುಹಿಸಬೇಕು. ಹೆಸರು ಮತ್ತು ಸೇರಬೇಕಾದ ನಿಲ್ದಾಣವನ್ನು ಬರೆದ ರಟ್ಟನ್ನು ಭದ್ರವಾಗಿ ಕಟ್ಟಬೇಕು. ಇದಕ್ಕೆಲ್ಲ ಸಮಯ ಬೇಕಾಗುವುದರಿಂದ ರೈಲು ಹೊರಡುವ ಬಹಳ ಮೊದಲೇ ಅಲ್ಲಿರಬೇಕು.

ಮತ್ತೆ ಮಾರುಕಟ್ಟೆಯ ಚೌಕಕ್ಕೆ

ಆ ಶನಿವಾರ ಸಂಜೆ ಏನಾಯಿತೆಂಬುದನ್ನು ಹೇಳಿ ಮುಗಿಸುತ್ತೇನೆ. ಬಿದ್ದ ರೈತರನ್ನು ಎಬ್ಬಿಸಿದವನು ಪಕ್ಕದ ಗಲ್ಲಿಯ ಸೈಕಲ್ ರಿಪೇರಿಯವನು. ಮೊಣಕಾಲು ತೊಳೆಯಲು ನೀರು ಕೊಟ್ಟು, ಬ್ರೇಕಿನ ರಬ್ಬರನ್ನು ಉಗುರಿನಿಂದ ಗೀರಿ ತೋರಿಸಿ, “ಯಜಮಾನ್ರೇ, ಗಾಡಿ ಇಲ್ಲೇ ಇರಲಿ. ನೀವು ಮೆಟ್ರೊ ಹತ್ತಿ ಹೋಗಿ. ಬೆಳಿಗ್ಗೆ ಬನ್ನಿ” ಎಂದ. ಅಷ್ಟರಲ್ಲಿ ಮಗ ಹತ್ತು ಸಲ ಕರೆ ಮಾಡಿದ್ದ. ಗುರುತಿಲ್ಲದವನ ಅಂಗಡಿಯಲ್ಲಿ ಸೈಕಲ್ಲು ಬಿಟ್ಟು ಹೋಗಲು ರೈತರಿಗೆ ಮನಸ್ಸಿರಲಿಲ್ಲ. ಆದರೂ ಚೌಕಟ್ಟಿನ ಸಂಖ್ಯೆಯನ್ನು ಬರೆದುಕೊಂಡು, ಅಂಗಡಿಯವನ ಫೋನ್ ಸಂಖ್ಯೆಯನ್ನೂ ಪಡೆದು ಹೊರಟರು. ನಂಬಿಕೆಯೂ ಎಚ್ಚರವೂ ಒಟ್ಟಿಗಿರಬಲ್ಲವು ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ನನಗೆ ತೋಚದು.

ಮರುದಿನ ಪೂಜೆ ಮುಗಿಸಿ ತಂದೆ ಮಗ ಇಬ್ಬರೂ ಅಲ್ಲಿಗೆ ಹೋದರು. ಹೊಸ ರಬ್ಬರು, ಹೊಸ ವಾಲ್ ಟ್ಯೂಬು, ಎಣ್ಣೆ ಕಂಡ ಚೈನು ಸಿದ್ಧವಾಗಿದ್ದವು. ಮಾರುಕಟ್ಟೆಗೆ ಸರಕು ಇಳಿಸಿ ಯಶವಂತಪುರದ ಕಡೆಗೆ ಖಾಲಿಯಾಗಿ ಹಿಂದಿರುಗುತ್ತಿದ್ದ ಟಾಟಾ ಏಸ್ ವಾಹನವೊಂದನ್ನು ರಿಪೇರಿಯವನೇ ಗೊತ್ತುಮಾಡಿಕೊಟ್ಟ. ಹೇಗೂ ಖಾಲಿ ಹೋಗುವ ಗಾಡಿಯಾದ್ದರಿಂದ ದಾಸರಹಳ್ಳಿಯವರೆಗೆ ಹೋಗಲು ಮೊದಲಿನವನು ಕೇಳಿದ ಅರ್ಧಕ್ಕೇ ಚಾಲಕ ಒಪ್ಪಿದ. ತಂದೆ ಚಾಲಕನ ಪಕ್ಕದಲ್ಲಿ ಕುಳಿತರು. ಮಗ ಮೆಟ್ರೊದಲ್ಲಿ ಹೋಗಿ ಎದುರುಗೊಂಡ.

ಅಂದು ಮಧ್ಯಾಹ್ನ ಕೋಣೆಯ ಮುಂದಿನ ಓಣಿಯಲ್ಲಿ ಮಗ ಸೈಕಲ್ಲನ್ನು ತುಳಿದು ಬ್ರೇಕಿನ ಹದ ಕಲಿತ. ಸಂಜೆ ಸೈಕಲ್ಲನ್ನು ಕೋಣೆಯಲ್ಲೇ ಬಿಟ್ಟು, ಹಳೆಯ ಬೀಗದ ಬದಲಿಗೆ ಹೊಸ ಬೀಗ ಹಾಕಿ, ಇಬ್ಬರೂ ಕಾರ್ಖಾನೆಯ ಬಾಗಿಲಿನವರೆಗೆ ನಡೆದು ಹೋಗಿ ನಡೆದೇ ಬಂದರು. ಎಲ್ಲಿ ಹಳ್ಳವಿದೆ, ಎಲ್ಲಿ ದೀಪವಿಲ್ಲ, ಹೆದ್ದಾರಿಯನ್ನು ಎಲ್ಲಿ ದಾಟಬೇಕು ಎಂದು ತಂದೆ ಒಂದೊಂದನ್ನೇ ತೋರಿಸಿದರಂತೆ. ಹಿಂದಿನ ದಿನ ತಮಗೂ ಗೊತ್ತಿಲ್ಲದಿದ್ದ ಊರನ್ನು ಅವರು ಮಗನೊಂದಿಗೆ ಕಲಿಯುತ್ತಿದ್ದರು.

ಸೋಮವಾರ ಹುಡುಗ ಬಾಗಿಲು ತಲುಪಿದಾಗ ಗಂಟೆ 6 ಆಗಲು ಇನ್ನೂ ಇಪ್ಪತ್ತು ನಿಮಿಷಗಳಿದ್ದವು.

ಪ್ರಿಯ ತಂದೆತಾಯಿಗಳೇ, ಮಕ್ಕಳನ್ನು ಪಟ್ಟಣಕ್ಕೆ ಕಳುಹಿಸುವಾಗ ಹೊಸ ಬಟ್ಟೆ, ಹಾಸಿಗೆ, ಉಪ್ಪಿನಕಾಯಿ ಕಟ್ಟಿಕೊಡುತ್ತೇವೆ. ಸಾಧ್ಯವಾದರೆ ಇನ್ನೊಂದು ದಿನವನ್ನೂ ಕಟ್ಟಿಕೊಡೋಣ: ಕೆಲಸಕ್ಕೆ ಸೇರುವ ಮುನ್ನ ವಾಹನವನ್ನೊಮ್ಮೆ, ದಾರಿಯನ್ನೊಮ್ಮೆ ಬೇರೆಬೇರೆಯಾಗಿ ಕಂಡುಕೊಳ್ಳಲು ಒಂದು ಬಿಡುವಿನ ದಿನ. ಗೊಬ್ಬರದ ದುಡ್ಡನ್ನು ಬರುವ ತಿಂಗಳು ಹೊಂದಿಸಿಕೊಳ್ಳಬಹುದು.